ನೂರಕ್ಕೆ ಹದಿನೇಳು

ಮೂವತ್ತೊಂದು ವರ್ಷ ಮೀನು ತೂಗಿದವಳು ನಾನು,
ಆಸ್ತೂರಿಯಾಸಿನ ಒಂದು ಸಣ್ಣ ಬಂದರಿನ ಹರಾಜುಕಟ್ಟೆಯಲ್ಲಿ,
ನಸುಕಿನ ನಾಲ್ಕಕ್ಕೆ, ಮಂಜುಗಡ್ಡೆ ಸೋರುವ ಪೆಟ್ಟಿಗೆಗಳ ನಡುವೆ.
ಮುಳ್ಳು ನಿಲ್ಲುವ ಮೊದಲೇ ಹೇಳಬಲ್ಲೆ:
ಮೀನು ಎಷ್ಟು, ನೀರು ಎಷ್ಟು, ಸುಳ್ಳು ಎಷ್ಟು.

ಅದಕ್ಕೇ, ಹೊರಡುವ ಹಿಂದಿನ ರಾತ್ರಿ
ಅಡುಗೆಮನೆಯಲ್ಲಿ ಹಳೆಯ ತಕ್ಕಡಿ ಇಟ್ಟು
ಒಂದೊಂದನ್ನೇ ಏರಿಸಿದೆ.
ಡೇರೆ, ಎರಡು ಕಿಲೋ ನೂರು. ಸ್ಟವ್ವು, ನಾನೂರು.
ಮಳೆಯಂಗಿ. ಎರಡು ಟ್ಯೂಬು. ಚೈನಿನ ಎಣ್ಣೆ.
ಟೂತ್‌ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದೆ,
ಉಳಿದದ್ದು ಗುಲಗಂಜಿ ತೂಕ,
ಮುಳ್ಳು ಕದಲಲೂ ಇಲ್ಲ.
ತಂಗಿ ಲುದಿವೀನಾ ನಕ್ಕಳು:
"ಎಟೆಲ್ವೀನಾ, ನೀನೂ ಹತ್ತು ಅದರ ಮೇಲೆ, ಲೆಕ್ಕ ಸರಿಹೋಗಲಿ."
ನಾನು ಹತ್ತಲಿಲ್ಲ.
ಅವಳ ಚೀಲದಲ್ಲಿ ಅಮ್ಮನ ಕಬ್ಬಿಣದ ಬಾಣಲೆ,
ಕಿಲೋ ಎಂಟುನೂರು.
ಅದರ ಬಗ್ಗೆ ಮಾತಿಲ್ಲ.

ಕಡಲ ಪಕ್ಕದ ರಸ್ತೆಯಲ್ಲಿ ತೂಕ ನಿದ್ದೆಹೋಗಿರುತ್ತದೆ.
ಗಾಳಿ ಬೆನ್ನಿಗಿದ್ದರಂತೂ ಅದು ನಮ್ಮದೇ ಅಲ್ಲ,
ಯಾರದೋ ಗಂಟು, ತಾನಾಗಿ ಜೊತೆಗೆ ಬರುತ್ತಿದೆ.
ಎರಡನೇ ದಿನ ನದಿ ಬಿಟ್ಟು ಎಡಕ್ಕೆ ತಿರುಗಿದೆವು.
ಕೆಂಪಂಚಿನ ತ್ರಿಕೋನ: ನೂರಕ್ಕೆ ಹದಿನೇಳು.
ಆಗ ಎದ್ದಿತು ನೋಡಿ,
ಒಂದೊಂದೇ, ಹೆಸರು ಹೇಳಿಕೊಂಡು.
ನಾನು ಡೇರೆ. ನಾನು ನಿನ್ನೆಯ ಒದ್ದೆ ಟವೆಲು.
ನಾನು ಓದಲೆಂದು ತಂದು ಓದದ ಪುಸ್ತಕ.
ನಾನು 'ಯಾವುದಕ್ಕೂ ಇರಲಿ'.
ಎಲ್ಲಕ್ಕಿಂತ ಭಾರ
ಆ 'ಯಾವುದಕ್ಕೂ ಇರಲಿ'.

ಮುಂದೆ ಅತಿ ಚಿಕ್ಕ ಹಲ್ಲುಗಾಲಿ,
ಹಿಂದೆ ಊಟದ ತಟ್ಟೆಯಷ್ಟು ದೊಡ್ಡದು,
ಅದರಾಚೆ ಗೇರಿಲ್ಲ.
ಹೆಬ್ಬೆರಳು ಆದರೂ ಒತ್ತುತ್ತದೆ, ಇಲ್ಲದ ಗೇರಿಗಾಗಿ.
ಹಿಂದೆಯೇ ಹೇರಿದ ತಪ್ಪಿಗೆ
ಮುಂದಿನ ಚಕ್ರ ನೆಲ ಬಿಟ್ಟೇಳಲು ನೋಡುತ್ತದೆ.
ಒಂದು ಹಸು, ಕೊರಳಗಂಟೆ ಸಮೇತ,
ನನ್ನನ್ನು ದಾಟಿಕೊಂಡು ಹೋಯಿತು.
ಲುದಿವೀನಾ ಇಳಿದು ತಳ್ಳುತ್ತಿದ್ದಳು.
ನನ್ನದೇ ವೇಗ. ಮೇಲಾಗಿ ಮಾತಾಡುತ್ತಿದ್ದಳು.

ಹಲ್ಲು ಕಚ್ಚಿ ಲೆಕ್ಕ ಹಾಕಿದೆ, ಹಳೆಯ ಚಾಳಿ:
ನಾನು, ಸೈಕಲ್ಲು, ಸಾಮಾನು, ಒಟ್ಟು ನೂರರ ಹತ್ತಿರ.
ಒಂದು ಕಿಲೋ ಇಳಿಸಿದರೆ ನೂರರಲ್ಲೊಂದು ಪಾಲು,
ಗಂಟೆಯ ಏರಿನಲ್ಲಿ ಮೂವತ್ತಾರು ಸೆಕೆಂಡು ಉಳಿತಾಯ.
ಬೇಗ ಮುಟ್ಟಿ ಆ ಮೂವತ್ತಾರು ಸೆಕೆಂಡು ಏನು ಮಾಡಲಿ?
ಲೆಕ್ಕ ಸರಿಯೇ.
ಮೊಣಕಾಲಿಗೆ ಭಾಗಾಕಾರ ಬರುವುದಿಲ್ಲ.

ಮೂರನೇ ತಿರುವಿನಲ್ಲಿ ಕಲ್ಲಿನ ಗುಡಿಸಲು.
ದನ ಕಾಯುವ ಸೆಲೆದೋನಿಯೋ ಹೊರಬಂದು
ಸೀಟಿಗೆ ಕೈಹಾಕಿ ನನ್ನ ಸೈಕಲ್ಲನ್ನು ಎತ್ತಿ ಇಳಿಸಿದ.
"ಎಳೆಗರುವಿನಷ್ಟಿದೆ," ಎಂದ. "ಕರುವಾದರೆ ತಾನೇ ಹತ್ತುತ್ತದೆ."
ನೀರು ಕೊಟ್ಟ. ನಾನು ಪುಸ್ತಕ ಕೊಟ್ಟೆ.
ಮುಖಪುಟ ನೋಡಿ ಒಲೆಯ ಪಕ್ಕ ಇಟ್ಟ,
ಓದಲೋ ಉರಿಸಲೋ, ಕೇಳಲಿಲ್ಲ.
ಆಮೇಲೆ ಗವಿಯಿಂದ ಚೀಸಿನ ಒಂದು ಗಾಲಿ ಹೊತ್ತು ತಂದ.
"ಎರಡು ಕಿಲೋ. ದುಡ್ಡು ಬೇಡ."
ಬೇಡ ಅನ್ನಬೇಕಾದದ್ದು ನಾನು.
ಅಷ್ಟರಲ್ಲಿ ಲುದಿವೀನಾ ಅದನ್ನು ಬಿಗಿದಾಗಿತ್ತು,
ನನ್ನ ಕ್ಯಾರಿಯರಿಗೆ.

ಉಳಿದ ಏರನ್ನು ನೆಲಮಾಳಿಗೆಯ ವಾಸನೆ ಬೆನ್ನಟ್ಟಿತು.
ಎರಡು ಸಲ ನಿಂತೆ, ಒಂದು ಸಲ ಕೂತೆ,
ರಸ್ತೆಯಲ್ಲೇ, ಡಾಂಬರಿನ ಮೇಲೆ.
ಕಣಿವೆಯ ಬಾಯಲ್ಲಿ ಕಡಲ ಕಡೆಯಿಂದ ಕಾವಳ ಬಂದು
ಹತ್ತಿದ್ದೆಲ್ಲವನ್ನೂ ಅಳಿಸಿ ಹಾಕಿತು.
ಬಟಾಟೆ, ಮೊಟ್ಟೆ, ಉರಿಯ ಮೇಲೆ ಅಮ್ಮನ ಬಾಣಲೆ.
ಅದನ್ನು ಯಾರೂ ಬೈಯಲಿಲ್ಲ.

ಮನೆಗೆ ಬಂದು ಚೀಸನ್ನು ಸರಿಯಾಗಿ ಎರಡು ಹೋಳು ಮಾಡಿದೆವು.
ನನ್ನ ಪಾಲನ್ನು ತಕ್ಕಡಿಗೆ ಇಟ್ಟೆ:
ಕಿಲೋ ನಾನೂರು.
ಒರೆಸಿ ಮತ್ತೆ ಇಟ್ಟೆ. ಕಿಲೋ ನಾನೂರೇ.
ಎಂಟುನೂರು ಗ್ರಾಂ ಹೆಚ್ಚು, ಆ ಏರಿನಲ್ಲಿ,
ನನಗೆ ತಿಳಿಯದೆ.
ಮೂವತ್ತೊಂದು ವರ್ಷದಲ್ಲಿ
ಈ ದಿಕ್ಕಿಗೆ
ಯಾರೂ ನನಗೆ ಸುಳ್ಳು ಹೇಳಿರಲಿಲ್ಲ.